ತಂಗಿಯ ಹೆಸರಿನ ಚೀಟಿ

ಚೀಟಿಯಲ್ಲಿ ವಯಸ್ಸಿನ ಎದುರು ಇಪ್ಪತ್ತೇಳು ಎಂದು ಬರೆದಿತ್ತು. ಹೆಸರಿನ ಎದುರು ಇದ್ದ ಹುಡುಗಿಗೆ ಆಗ ಇಪ್ಪತ್ತಮೂರು ತುಂಬಿರಲಿಲ್ಲ. ಬರೆದವರ ಪೆನ್ನು ‘ರೂಪಾ’ ಎನ್ನುವಲ್ಲಿ ಒಂದು ಕ್ಷಣ ತಡೆದು ಮಸಿ ಬಿಟ್ಟಿತ್ತು. ಕೊನೆಯ ಅಕ್ಷರದ ಹೊಟ್ಟೆ ನೀಲಿಯಾಗಿ ತುಂಬಿಕೊಂಡಿತ್ತು. ಆ ಕಲೆಯನ್ನು ನಾನು ಏಳು ತಿಂಗಳು, ಹದಿನೈದು ದಿನಕ್ಕೊಂದು ಮಂಗಳವಾರ, ತೊಡೆಯ ಮೇಲಿಟ್ಟುಕೊಂಡು ನೋಡಿದ್ದೇನೆ.

ವಯಸ್ಸು ನನ್ನದು. ಹೆಸರು ನನ್ನ ಚಿಕ್ಕಪ್ಪನ ಮಗಳದು.

ಈ ಕಾಯಿಲೆಯ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಕಾಯಿಲೆಯಲ್ಲ, ಆ ಚೀಟಿ. ಕಾಯಿಲೆ ನನಗೆ ಬಂದದ್ದು, ನಾನು ಮಾಡಿಕೊಂಡದ್ದಲ್ಲ. ಚೀಟಿ ನಾನು ಮಾಡಿಸಿದ್ದು. ಬೇರೆಯವರ ಹೆಸರು ಹೇಳಿ ಬೆಂಚಿನ ಮೇಲೆ ಕೂತವರು ನನ್ನಂತೆ ಇನ್ನೂ ಇರಬಹುದು ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮದು ಉಜ್ಜಿನಿ. ಅಪ್ಪ ಮತ್ತು ಚಿಕ್ಕಪ್ಪ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಮನೆ ಒಂದೇ, ಒಲೆ ಎರಡು. ಎರಡೂ ಅಡುಗೆಮನೆಗಳ ನಡುವೆ ಒಂದು ಬಾಗಿಲಿದೆ, ಅದನ್ನು ಹಾಕಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದಿಲ್ಲ. ಅವ್ವ ಈ ಕಡೆ ರೊಟ್ಟಿ ತಟ್ಟುತ್ತ ಆ ಕಡೆಯ ಚಿಕ್ಕವ್ವನೊಂದಿಗೆ ಮಾತಾಡುತ್ತಾಳೆ. ರೂಪಾ ಚಿಕ್ಕಪ್ಪನ ಒಬ್ಬಳೇ ಮಗಳು. ಬಿ.ಎ. ಮುಗಿಸಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಅವಳು ನಕ್ಕರೆ ಗಿರಣಿಯ ಸದ್ದಿನ ಮೇಲೂ ಕೇಳುತ್ತದೆ. ನಾನು ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಬಂದು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನಗುವ ಕೆಲಸ ಮನೆಯಲ್ಲಿ ರೂಪಾಳದು, ಓದುವ ಕೆಲಸ ನನ್ನದು ಎಂದು ಯಾವತ್ತೋ ಹಂಚಿಕೆಯಾಗಿ ಹೋಗಿತ್ತು.

ಅದು ಶುರುವಾದದ್ದು ಹಾಜರಿ ಕೂಗುವಾಗ. ತರಗತಿಯಲ್ಲಿ ನಲವತ್ತೊಂದು ಹೆಸರು. ಒಂದು ದಿನ ಮೂರನೆಯ ಹೆಸರಿಗೆ ನನ್ನ ನಾಲಿಗೆ ಏಳಲಿಲ್ಲ. ಹೆಸರು ಕಣ್ಣಿಗೆ ಕಾಣುತ್ತಿತ್ತು. ಎದೆ ಯಾರೋ ಒಳಗಿನಿಂದ ಬಾಗಿಲು ಬಡಿದಂತೆ ಬಡಿಯುತ್ತಿತ್ತು, ಅಂಗೈ ಬೆವತು ಹಾಜರಿ ಪುಸ್ತಕದ ಅಂಚು ಒದ್ದೆಯಾಯಿತು. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆ. ಮರುದಿನದಿಂದ ಹಾಜರಿ ಕೂಗುವುದನ್ನು ಬಿಟ್ಟು ಹಾಳೆ ಕೊಟ್ಟು ಸಹಿ ಮಾಡಿಸತೊಡಗಿದೆ. ಹುಡುಗರಿಗೆ ಸಂತೋಷವಾಯಿತು.

ಆಮೇಲೆ ಒಂದೊಂದಾಗಿ ಉಳಿದವು ಬಂದವು. ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ವಾರಗಟ್ಟಲೆ ಬಿಚ್ಚದೆ ಉಳಿಯಿತು. ಬಸ್ಸಿಗೆ ಹೊರಡುವ ಮುಂಚೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಕೂತುಬಿಡುತ್ತಿದ್ದೆ. ತಲೆ ಬಾಚುವುದು ದೊಡ್ಡ ಕೆಲಸವಾಯಿತು. ಊಟ ಬಾಯಲ್ಲಿ ಹಿಟ್ಟಿನಂತೆ ಸುತ್ತುತ್ತಿತ್ತು. ಯಾರೂ ಸತ್ತಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಕಾರಣವಿದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ಕಾರಣವಿಲ್ಲದ ದುಃಖವನ್ನು ಎದುರಿಗಿಟ್ಟು ಏನೆಂದು ಹೇಳುವುದು ಎಂದು ನಾಚಿಕೆಯಾಗುತ್ತಿತ್ತು.

ಅವ್ವ ತನಗೆ ತಿಳಿದ ಹೆಸರಿಟ್ಟಳು. “ಉಣ್ಣಂಗಿಲ್ಲ, ಮಾತಾಡಂಗಿಲ್ಲ, ಮುಖ ನೋಡಿದ್ರ ಸುಣ್ಣ ಬಳದಂಗೈತಿ. ರಕ್ತ ಕಡಿಮಿ ಆಗೇತಿ ಈಕಿಗೆ.”

ನಡುಬಾಗಿಲಲ್ಲಿ ನಿಂತಿದ್ದ ರೂಪಾ ಹೇಳಿದಳು: “ರಕ್ತ ಕಡಿಮಿ ಅಲ್ಲ ದೊಡ್ಡವ್ವ, ಗಣಿತ ಹೆಚ್ಚಾಗೇತಿ. ಎರಡು ದಿನ ನನ್ನ ಹತ್ರ ಕಾಜಾ ಹೊಲಿಯಾಕ ಕೂಡ್ಸು, ಸರಿ ಹೋಗ್ತಾಳ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವ ದಿನಾ ಶೇಂಗಾ ಬೆಲ್ಲ ಕೊಟ್ಟಳು, ಎರಡು ಅಮಾವಾಸ್ಯೆ ದೃಷ್ಟಿ ತೆಗೆದಳು. ಅವಳ ಕೈಯಿಂದ ಬೆಲ್ಲ ಇಸಿದುಕೊಂಡು ತಿನ್ನುವಾಗ ಕಳ್ಳತನ ಮಾಡುತ್ತಿದ್ದೇನೆ ಎನಿಸುತ್ತಿತ್ತು.

ನನಗೆ ಏನಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಯ ಹೊತ್ತಿಗೆ ಹೀಗೇ ಆಗಿ ಅಳುತ್ತ ಬಂದಿದ್ದಳು. ಮನಸ್ಸಿನ ವೈದ್ಯರ ಹತ್ತಿರ ಹೋಗು, ಜ್ವರ ಬಂದರೆ ಹೋಗುವುದಿಲ್ಲವೆ, ಅದರಲ್ಲಿ ನಾಚಿಕೆ ಏನು ಎಂದು ನಾನೇ ಹೇಳಿ ಕಳಿಸಿದ್ದೆ. ಸ್ಪಷ್ಟವಾಗಿ, ಕರಿಹಲಗೆಯ ಮೇಲೆ ಬರೆದಷ್ಟು ಅಂದವಾಗಿ ಹೇಳಿದ್ದೆ. ಆ ಮಾತು ನನಗೆ ಅನ್ವಯಿಸುತ್ತದೆಂದು ಒಪ್ಪಲು ಐದು ತಿಂಗಳು ಹಿಡಿಯಿತು.

ಅವ್ವನ ಕಣ್ಣು ತೋರಿಸಲು ಹರಪನಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹೋದಾಗ ಒಂದು ಕೋಣೆಯ ಪಕ್ಕದ ಗೋಡೆಯ ಮೇಲೆ ಫಲಕ ಕಂಡಿತ್ತು. ಮನಸ್ಸಿನ ವೈದ್ಯರು ಮಂಗಳವಾರ ಬರುತ್ತಾರೆ ಎಂದಿತ್ತು. ನನಗೆ ಮಂಗಳವಾರ ತರಗತಿ ಇಲ್ಲ. ಕೊಟ್ಟೂರಿನಲ್ಲಾದರೆ ದಿನಕ್ಕೆ ಹತ್ತು ಜನ ‘ಮೇಡಂ’ ಎನ್ನುತ್ತಾರೆ; ಹರಪನಹಳ್ಳಿಯಲ್ಲಿ ಯಾರಿಗೂ ನನ್ನ ಗುರುತಿಲ್ಲ. ಹೆಚ್ಚುವರಿ ತರಗತಿ ಇದೆ ಎಂದು ಅವ್ವನಿಗೆ ಹೇಳಿ, ಕೊಟ್ಟೂರಿನಲ್ಲಿ ಇಳಿದು, ಹರಪನಹಳ್ಳಿಯ ಬಸ್ಸು ಹತ್ತಿದೆ.

ಚೀಟಿ ಕೊಡುವ ಕಿಟಕಿಯ ಒಳಗಿದ್ದವರು ತಲೆ ಎತ್ತದೆ ಕೇಳಿದರು.

“ಹೆಸರು?”

ನನ್ನ ಹೆಸರು ಹೇಳಲು ಬಾಯಿ ತೆರೆದೆ. ಹಿಂದೆ ಸಾಲು ಇತ್ತು. ಬಾಯಿಯಿಂದ ಬಂದದ್ದು “ರೂಪಾ” ಎಂದು.

“ತಂದೆ ಹೆಸರು?”

ರೂಪಾ ಎಂದ ಮೇಲೆ ಚಿಕ್ಕಪ್ಪನ ಹೆಸರಲ್ಲದೆ ಬೇರೆ ಹೇಳಲು ತೋಚಲಿಲ್ಲ. “ಕೊಟ್ರೇಶಪ್ಪ.”

“ಊರು? ವಯಸ್ಸು?”

“ಉಜ್ಜಿನಿ. ಇಪ್ಪತ್ತೇಳು.”

ಸುಳ್ಳು ಹೇಳುವ ರೂಢಿ ಇದ್ದಿದ್ದರೆ ಯಾವುದಾದರೂ ಇಲ್ಲದ ಹೆಸರು, ಇಲ್ಲದ ಊರು ಹೇಳುತ್ತಿದ್ದೆ. ನನ್ನದು ಕಲಿಯದವರ ಸುಳ್ಳು, ಇದ್ದದ್ದನ್ನೇ ಎತ್ತಿಕೊಂಡಿತು. ಮುಂದೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ರೂಪಾ ಯಾಕೆ ಎಂದು. ಗೆಳತಿಯರ ಹೆಸರಿದ್ದವು, ಆ ನಲವತ್ತೊಂದು ಹೆಸರುಗಳಿದ್ದವು. ನಮ್ಮ ಮನೆಯಲ್ಲಿ ಈ ಕಾಯಿಲೆ ಬರಲು ಸಾಧ್ಯವೇ ಇಲ್ಲದವಳು ಅವಳೊಬ್ಬಳೇ ಎಂದು ಎಲ್ಲೋ ಅಂದುಕೊಂಡಿದ್ದೆ. ಅವಳ ಹೆಸರಿಗೆ ಬರೆದರೆ ಅದು ಅಂಟುವುದಿಲ್ಲ, ಜಾರಿ ಬೀಳುತ್ತದೆ ಎಂದು. ಇದು ಈಗ ಹೊಳೆದದ್ದು. ಆಗ ಬರೀ ಹೆದರಿಕೆ ಇತ್ತು.

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಆಚೆ ಪಕ್ಕದಲ್ಲಿ ಅವಳ ಸೊಸೆ. ನಾನು ಕೂತ ಐದು ನಿಮಿಷಕ್ಕೆ ಹುರಿದ ಶೇಂಗಾ ನನ್ನ ಕೈಗೆ ಬಂತು.

“ಯಾವೂರಮ್ಮ?”

“ಉಜ್ಜಿನಿ.”

“ಯಾರ ಮಗಳು?”

“ಗಿರಣಿ ಕೊಟ್ರೇಶಪ್ಪನ ಮಗಳು. ರೂಪಾ ಅಂತ.”

“ಯಾರನ್ನ ಕರ್ಕಂಡು ಬಂದೆ?”

“ಯಾರನ್ನೂ ಇಲ್ಲ.”

ಅವಳು ನನ್ನ ಕಡೆ ತಿರುಗಿ ನೋಡಿದಳು. “ಹಂಗಾರೆ ನಿನಗೇನಾ. ಒಬ್ಬಳೇ ಬಂದೀಯಲ್ಲ, ಗಟ್ಟಿ ಹುಡುಗಿ ಬಿಡು. ಇವಳು ನಮ್ಮ ಸೊಸೆ. ಹೆರಿಗೆ ಆದಮೇಲೆ ಮಗು ಕಡೆ ತಿರುಗಿ ನೋಡ್ತಿರಲಿಲ್ಲ. ಗಾಳಿ ಸೋಂಕೈತೆ ಅಂದ್ರು, ಅದು ಅಂದ್ರು, ಇದು ಅಂದ್ರು. ನಾನು ಸೀದಾ ಇಲ್ಲಿಗೆ ಕರ್ಕಂಡು ಬಂದೆ. ಈಗ ನೋಡ್ತಾಳೆ, ಎತ್ತಿಕೊಳ್ತಾಳೆ. ಅಲ್ವೇನೇ?”

ಇಡೀ ಸಾಲಿಗೆ ಕೇಳುವಷ್ಟು ದೊಡ್ಡ ದನಿ. ಸೊಸೆಯ ಪರವಾಗಿ ನನಗೆ ಮುಖ ಬಿಸಿಯಾಯಿತು. ಸೊಸೆ ಮಾತ್ರ ಶೇಂಗಾ ಸಿಪ್ಪೆಯನ್ನು ಕಾಗದದಲ್ಲಿ ಒಟ್ಟು ಮಾಡುತ್ತ “ಹೂಂ ಅತ್ತೆ” ಎಂದಳು. ಆ ಹೆಂಗಸಿನ ಹೆಸರು ಬಸಮ್ಮ. ಹರಪನಹಳ್ಳಿ ಹತ್ತಿರದ ಹಳ್ಳಿಯವಳು. ನಮ್ಮ ಮಂಗಳವಾರಗಳು ಒಂದೇ ಆಗಿದ್ದರಿಂದ ಆಮೇಲೆ ಪ್ರತಿ ಸಲ ಸಿಕ್ಕಳು, ಪ್ರತಿ ಸಲ ಸರಿದು ಜಾಗ ಕೊಟ್ಟಳು.

ಒಳಗೆ ವೈದ್ಯರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. “ಹೇಳಿ ರೂಪಾ, ಏನಾಗ್ತಿದೆ?” ಎಂದರು. ಆ ಹೆಸರು ಕೇಳಿದ್ದೇ ನನಗೆ ವಿಚಿತ್ರ ಧೈರ್ಯ ಬಂತು. ನನ್ನ ಹೆಸರಿನಲ್ಲಿ ಹೇಳಲಾಗದ್ದನ್ನು ರೂಪಾಳಾಗಿ ಹೇಳಿದೆ. ಹಾಜರಿಯ ವಿಷಯ, ಉತ್ತರ ಪತ್ರಿಕೆಯ ಕಟ್ಟು, ನಾಳೆ ಬೆಳಗಾಗದಿದ್ದರೆ ಚೆನ್ನ ಎಂದು ದಿನಾ ಅನಿಸುವುದು. ಅವರು ಗಾಬರಿಯಾಗಲಿಲ್ಲ. ಬರೆದುಕೊಂಡರು, ಇನ್ನೂ ಕೆಲವು ನೇರ ಪ್ರಶ್ನೆ ಕೇಳಿದರು, ಇದು ವಾಸಿಯಾಗುವಂಥದ್ದು ಎಂದರು. ಗುಳಿಗೆ ಬರೆದುಕೊಟ್ಟು ಪಕ್ಕದ ಕೋಣೆಯ ಸಮಾಲೋಚಕಿಯ ಹತ್ತಿರ ಕಳಿಸಿದರು. ಆಕೆ ಮನೆಯಲ್ಲಿ ಯಾರಿಗೆ ಹೇಳಿದ್ದೀರಿ ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. “ಒಬ್ಬರಿಗೆ ಹೇಳಿ. ಒಬ್ಬರೇ ಸಾಕು,” ಎಂದರು. ಪ್ರತಿ ಭೇಟಿಯಲ್ಲೂ ಕೇಳುತ್ತಿದ್ದರು, ಪ್ರತಿ ಭೇಟಿಯಲ್ಲೂ ಮುಂದಿನ ಸಲ ಎನ್ನುತ್ತಿದ್ದೆ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಬಾಯಿ ಒಣಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಮೂರನೆಯ ವಾರ ಉತ್ತರ ಪತ್ರಿಕೆಯ ಕಟ್ಟು ಬಿಚ್ಚಿದೆ. ತಿದ್ದಲಿಲ್ಲ, ಬಿಚ್ಚಿಟ್ಟೆ. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬರುತ್ತ ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಂಡಕ್ಕಿ ತಿಂದೆ. ಖಾರ ನಾಲಿಗೆಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಎಷ್ಟು ತಿಂಗಳ ಮೇಲೆ ಒಂದು ರುಚಿ ತಿಳಿದಿತ್ತೋ. ಅಲ್ಲೇ ನಿಂತು ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡು ರೂಪಾಳಿಗೆ ತಂದೆ. “ಏನಕ್ಕ, ಸಂಬಳ ಜಾಸ್ತಿ ಆತೇನು?” ಎಂದಳು. ಅವಳ ಹೆಸರಿನ ಚೀಟಿ ಆಗ ನನ್ನ ಕೈಚೀಲದಲ್ಲಿತ್ತು.

ಐದನೆಯ ತಿಂಗಳಿಗೆ ಹಾಜರಿ ಕೂಗಿದೆ. ನಲವತ್ತೊಂದೂ ಹೆಸರು. ಮಧ್ಯೆ ಎರಡು ಸಲ ನಿಂತೆ, ಮುಗಿಸಿದೆ. ಎಲ್ಲವೂ ಸರಿಹೋಯಿತು ಎಂದು ಹೇಳುತ್ತಿಲ್ಲ. ಈಗಲೂ ಕೆಲವು ಬೆಳಗು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೂರುತ್ತೇನೆ. ಆದರೆ ಏಳುತ್ತೇನೆ.

ಹೀಗೆ ನಾನು ಏಳತೊಡಗಿದ ಹೊತ್ತಿಗೆ ರೂಪಾಳಿಗೆ ಸಂಬಂಧ ಬಂತು.

ಹುಡುಗ ಹರಪನಹಳ್ಳಿ ಕಡೆಯವನು, ಪ್ರೌಢಶಾಲೆಯಲ್ಲಿ ಮೇಷ್ಟ್ರು. ಅವನು, ಅವನ ತಂದೆ ತಾಯಿ ಬಂದು ನೋಡಿಕೊಂಡು ಹೋದರು. ಆ ದಿನ ಹುಡುಗ ಏನೋ ಕೇಳಿದ್ದಕ್ಕೆ ರೂಪಾ ಎಂದಿನ ನಗೆ ನಕ್ಕುಬಿಟ್ಟಳು, ಚಿಕ್ಕವ್ವ ಒಳಗಿನಿಂದ ಕಣ್ಣು ಬಿಟ್ಟಳು, ಹುಡುಗನೂ ನಕ್ಕ. ಎರಡೂ ಕಡೆ ಒಪ್ಪಿಗೆಯಾಯಿತು. ರೂಪಾ ಅವನ ಫೋನ್ ಬಂದರೆ ಹೊಲಿಗೆ ಯಂತ್ರ ನಿಲ್ಲಿಸಿ ಹಿತ್ತಲಿಗೆ ಹೋಗುತ್ತಿದ್ದಳು. ಮಾತುಕತೆಯ ದಿನ ಗೊತ್ತು ಮಾಡುವುದಷ್ಟೇ ಉಳಿದಿತ್ತು.

ಒಂದು ಶನಿವಾರ ಸಂಜೆ ಸಂಬಂಧ ತಂದಿದ್ದ ವೀರಣ್ಣ ಮಾವ ಬಂದು ಪಡಸಾಲೆಯಲ್ಲಿ ಕೂತ. ಚಹಾ ಮುಟ್ಟಲಿಲ್ಲ.

“ಕೊಟ್ರೇಶಪ್ಪ, ಹೇಳಾಕ ಬಾಯಿ ಬರವಲ್ದು. ಅವರು ಸ್ವಲ್ಪ ತಡೀರಿ ಅಂದಾರ. ರೂಪಾಗ ಏನರ ಮನಸಿನ ತೊಂದ್ರಿ ಐತೇನು?”

ಚಿಕ್ಕಪ್ಪನಿಗೆ ಅರ್ಥವೇ ಆಗಲಿಲ್ಲ. “ಏನು ತೊಂದ್ರಿ?”

“ಹುಡುಗನ ದೊಡ್ಡಮ್ಮ ಬಸಮ್ಮ ಅಂತ ಅದಾಳ. ತನ್ನ ಸೊಸಿನ್ನ ಹರಪನಹಳ್ಳಿ ಆಸ್ಪತ್ರಿಗೆ ಮಂಗಳವಾರ ಕರ್ಕಂಡು ಹೋಗ್ತಾಳಂತ, ಮನಸಿನ ಡಾಕ್ಟರ ಹತ್ರ. ಹುಡುಗಿ ನೋಡಾಕ ಆಕಿ ಬಂದಿರ್ಲಿಲ್ಲ. ಮೊನ್ನೆ ಹೆಸರು, ಊರು ಕೇಳಿದಾಕಿ, ಅಯ್ಯ, ಗಿರಣಿ ಕೊಟ್ರೇಶಪ್ಪನ ಮಗಳು ರೂಪಾ ನನಗ ಗೊತ್ತು, ಆರೇಳು ತಿಂಗಳಿಂದ ಅಲ್ಲಿ ಬರ್ತಾಳಲ್ಲ ಅಂದಾಳ.”

ನಾನು ನಡುಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ತಂಬಿಗೆ ಬೀಳಲಿಲ್ಲ. ಅದನ್ನು ತಂದು ವೀರಣ್ಣ ಮಾವನ ಮುಂದಿಟ್ಟೆ, ಒಳಗೆ ಹೋದೆ. ಆ ಹತ್ತು ಹೆಜ್ಜೆಯಲ್ಲಿ ನಾನು ಹೇಳಬಹುದಿತ್ತು.

“ನನ್ನ ಮಗಳು ಆ ಆಸ್ಪತ್ರಿ ಬಾಗಲ ಕಂಡಿಲ್ಲ,” ಎಂದು ಚಿಕ್ಕಪ್ಪ ಎದ್ದು ನಿಂತ.

“ಹಂಗಂದ್ರ ಬಸಮ್ಮಗ ಒಂದು ಫೋಟೋ ಕಳಿಸಿ ತೋರ್ಸಿಬಿಡು.”

“ತೋರ್ಸಿ, ಈಕಿ ಅಲ್ಲ ನೋಡ್ರಿ ಅಂತ ಕೈ ಮುಗೀಬೇಕೇನು ನಾನು? ನಂಬಿದ್ರ ನಂಬ್ಲಿ, ಬಿಟ್ರ ಬಿಡ್ಲಿ.”

ವೀರಣ್ಣ ಮಾವ ಹೋದ ಮೇಲೆ ಚಿಕ್ಕವ್ವ ಯಾರ ಮುಖವನ್ನೂ ನೋಡದೆ ಹೇಳಿದಳು. “ಆಕಿಗೆ ನಮ್ಮ ಗಿರಣಿ ಹೆಂಗ ಗೊತ್ತು? ಇಲ್ಲಿಂದ್ಲೇ ಯಾರೋ ಹೇಳಿಕೊಟ್ಟಾರ. ದೊಡ್ಡಾಕಿ ಮನ್ಯಾಗ ಇರಾಗ ಸಣ್ಣಾಕಿಗೆ ಬಂತಲ್ಲ ಅಂತ ಯಾರ ಹೊಟ್ಯಾಗ ಬೆಂಕಿ ಬಿತ್ತೋ.”

ದೊಡ್ಡಾಕಿ ನಾನು. ಮಾತು ಬಿದ್ದದ್ದು ಅವ್ವನ ಮೇಲೆ. ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಂತಿತು. ಅರ್ಧ ತಟ್ಟಿದ ರೊಟ್ಟಿಯನ್ನು ಮುದ್ದೆ ಮಾಡಿ ಹಿಟ್ಟಿಗೆ ಸೇರಿಸಿದಳು. ಆ ಸಂಜೆ ನಡುಬಾಗಿಲು ಹಾಕಿದರು. ಅದಕ್ಕೆ ಚಿಲಕ ಇದೆ ಎಂಬುದೇ ನನಗೆ ಆಗ ತಿಳಿದದ್ದು.

ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ, ಆದರೂ ಬರೆಯಬೇಕು. ಆ ಭಾನುವಾರ ಪೂರ್ತಿ ನಾನು ಸುಮ್ಮನಿದ್ದೆ. ಅವ್ವ ತನ್ನ ಮೇಲೆ ಬಂದ ಮಾತನ್ನು ನುಂಗಿ ಕೂತಿದ್ದಳು, ರೂಪಾಳ ಫೋನ್ ಬರಲಿಲ್ಲ, ಅಪ್ಪ ಚಿಕ್ಕಪ್ಪ ಗಿರಣಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೆಲಸ ಮಾಡಿದರು. ಇಷ್ಟಕ್ಕೂ ಕಾರಣವಾದ ಚೀಟಿ ನನ್ನ ಕಪಾಟಿನಲ್ಲಿ, ಉತ್ತರ ಪತ್ರಿಕೆಗಳ ಕೆಳಗೆ ಇತ್ತು. ಕಾಯಿಲೆಯಿಂದ ಹೇಳಲಾಗಲಿಲ್ಲ ಎಂದು ನಾನು ಹೇಳಬಹುದು, ಕೇಳಿದವರು ನಂಬಲೂಬಹುದು. ಅದು ನಿಜವಲ್ಲ. ಆ ಹೊತ್ತಿಗೆ ನಾನು ಸಾಕಷ್ಟು ಸುಧಾರಿಸಿದ್ದೆ. ಲೆಕ್ಕ ಹಾಕುವಷ್ಟು ಸುಧಾರಿಸಿದ್ದೆ: ಅವರು ಫೋಟೋ ಕೇಳಿದರೆ ತಾನಾಗಿ ಎಲ್ಲ ಸರಿಹೋಗುತ್ತದೆ, ನನ್ನ ಹೆಸರು ಬರುವುದೇ ಇಲ್ಲ ಎಂದು.

ಸೋಮವಾರ ಕಾಲೇಜಿನಿಂದ ಬಂದಾಗ ರೂಪಾ ಯಂತ್ರದ ಮುಂದೆ ಕೂತಿದ್ದಳು. ಹೊಲಿಯುತ್ತಿರಲಿಲ್ಲ. ಚಕ್ರದ ಮೇಲೆ ಕೈ ಇಟ್ಟಿದ್ದಳು.

“ಅಕ್ಕ, ಬಾ ಇಲ್ಲಿ. ಒಂದು ಕೇಳ್ತೀನಿ, ನಗಬ್ಯಾಡ.”

“ಕೇಳು.”

“ತಲಿ ಸರಿ ಇಲ್ದೋರಿಗೆ ತಮಗ ಹಂಗಾಗೇತಿ ಅಂತ ಗೊತ್ತಾಗಂಗಿಲ್ಲಂತ. ಹೌದಾ?” ನಾನು ಉತ್ತರಿಸುವ ಮೊದಲೇ ಮುಂದುವರಿಸಿದಳು. “ನಾನು ಜೋರಾಗಿ ನಗ್ತೀನಲ್ಲ. ಅದು ಏನರ ಅದೇನು? ನೀನು ಓದೀದಿ, ನಿನಗ ಗೊತ್ತಿರ್ತೈತಿ. ನನಗ ಗೊತ್ತಿಲ್ದಂಗ ನಾನೇ ಎಲ್ಲಿಗರ ಹೋಗಿ ಬಂದೀನೇನು?”

ಅವಳು ಅಳುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಎರಡು ದಿನದಲ್ಲಿ ಅವಳು ತನ್ನ ನಗುವಿನ ಮೇಲೆ ಅನುಮಾನಪಡುವಂತೆ ಮಾಡಿದ್ದೆ.

ಒಳಗೆ ಹೋಗಿ ಚೀಟಿ ತಂದು ಅವಳ ಕೈಗೆ ಕೊಟ್ಟೆ. “ಹೋಗಿದ್ದು ನಾನು. ನನ್ನ ಹೆಸರು ಹೇಳಾಕ ಆಗ್ಲಿಲ್ಲ. ನಿನ್ನ ಹೆಸರು ಬರೆಸಿದೆ.”

ಅವಳು ಓದಿದಳು. ಬಹಳ ಹೊತ್ತು ಓದಿದಳು, ಅಷ್ಟು ಅಕ್ಷರ ಅದರಲ್ಲಿರಲಿಲ್ಲ.

“ಇಪ್ಪತ್ತೇಳಾ?” ಎಂದಳು. “ಹೆಸರು ತಗಂಡಿದ್ದಲ್ದ ಮುದುಕಿ ಬ್ಯಾರೆ ಮಾಡೀದಿ.”

ನಗುತ್ತಾಳೇನೋ ಎಂದುಕೊಂಡೆ. ನಗಲಿಲ್ಲ.

“ಏಳು ತಿಂಗಳು ನನ್ನ ಮುಂದ ಅಡ್ಯಾಡೀದಿ. ಮಂಡಕ್ಕಿ ತಂದುಕೊಟ್ಟಿ. ನಿನಗ ಹಂಗಾಗೇತಿ ಅಂತ ನನಗ ಹೇಳಿದ್ರ ನಾನೇ ಬರ್ತಿದ್ನಲ್ಲ ಅಕ್ಕ ನಿನ್ನ ಜೊತಿ. ನಿನ್ನ ಮ್ಯಾಲ ಬರಬಾರದ್ದು ನನ್ನ ಮ್ಯಾಲ ಬಂದ್ರ ನಡೀತೈತಿ ಅಂದ್ಕಂಡೇನು?”

ಹೌದು ಎಂಬುದೇ ಉತ್ತರವಾಗಿತ್ತು.

“ಎಲ್ಲರನ್ನ ಕರೀತೀನಿ. ನೀನೇ ಹೇಳು. ನಾ ಹೇಳಂಗಿಲ್ಲ,” ಎಂದು ಎದ್ದು ಹೋಗಿ ನಡುಬಾಗಿಲಿನ ಚಿಲಕ ತೆಗೆದಳು.

ಪಡಸಾಲೆಯಲ್ಲಿ ನಿಂತು ಹೇಳಿದೆ. ನಾಲ್ಕು ವಾಕ್ಯದಲ್ಲಿ ಮುಗಿಯಿತು. ಹನ್ನೆರಡು ತಿಂಗಳು ಹೊತ್ತುಕೊಂಡಿದ್ದು ನಾಲ್ಕು ವಾಕ್ಯ.

ಅವ್ವ ಕೇಳಿದಳು, “ಅಂದ್ರ ಆ ಬೆಲ್ಲ ಶೇಂಗಾ ತಿಂದಿದ್ದು ಸುಳ್ಳಾ?” ಆ ಕ್ಷಣದಲ್ಲಿ ಅವಳಿಗೆ ಹೊಳೆದದ್ದು ಅದೊಂದೇ. ಚಿಕ್ಕವ್ವ ಗೋಡೆಯ ಕಡೆ ತಿರುಗಿ ಕೂತಳು. ಅವ್ವನ ಮೇಲೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆದರೆ ಅವತ್ತಿನ ಊಟಕ್ಕೆ ಆ ಕಡೆಯ ಒಲೆಯಿಂದ ಬದನೆಕಾಯಿ ಪಲ್ಯ ಈ ಕಡೆ ಬಂತು. ಅಪ್ಪ ಅಂಗೈಯ ಹಿಟ್ಟು ಉಜ್ಜುತ್ತ, “ಗುಳಿಗಿ ಬಿಟ್ಟಿಲ್ಲಲ್ಲ?” ಎಂದ. ಇಲ್ಲ ಎಂದೆ. “ಬಿಡಬ್ಯಾಡ,” ಎಂದ.

ದಾರಿ ಹುಡುಕಿದ್ದು ಚಿಕ್ಕಪ್ಪ. “ಆಗಿದ್ದಾತು. ಆಸ್ಪತ್ರಿಯೋರು ಹೆಸರು ತಪ್ಪು ಬರದಾರ ಅನ್ನೋಣು. ಫೋಟೋ ಕಳಿಸ್ತೀನಿ, ರೂಪಾ ಅಲ್ಲ ಅಂತ ಅವರಿಗೆ ತಿಳೀತೈತಿ. ಅಲ್ಲಿಗೆ ಬಂದಾಕಿ ಯಾರು ಅಂತ ನಾವ್ಯಾಕ ಹೇಳಬೇಕು? ಈಕಿದೂ ಮುಂದ ಲಗ್ನ ಆಗಬೇಕಲ್ಲ.”

ಎರಡು ದಿನ ನನ್ನಿಂದ ಮಾನ ಕಳೆದುಕೊಂಡವನು ನನ್ನ ಮಾನದ ಬಗ್ಗೆ ಯೋಚಿಸುತ್ತಿದ್ದ. ಎಲ್ಲರೂ ತಲೆಯಾಡಿಸಿದರು. ನಾನು ಬಯಸಿದ ಲೆಕ್ಕವೇ ಅದು, ಬೇರೆಯವರ ಬಾಯಿಂದ ಬಂದಿತ್ತು. ರೂಪಾ ಮಾತ್ರ ನನ್ನ ಕಡೆ ನೋಡುತ್ತಿದ್ದಳು.

“ಬ್ಯಾಡ ಚಿಕ್ಕಪ್ಪ,” ಎಂದೆ. “ಬಸಮ್ಮಗ ನಾನೇ ಹೇಳ್ತೀನಿ. ನಾಳೆ ಮಂಗಳವಾರ.”

ಆ ಸಂಬಂಧ ಮುಂದೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ರೂಪಾಳ ವಿಷಯ. ಅವಳು ಬೇಡ ಎಂದಿದ್ದಾಳೆ. ಅವಳ ಹೆಸರು ಬರೆಯಲು ಮಾತ್ರ ಒಪ್ಪಿದ್ದಾಳೆ. ಈ ಸಲ ಕೇಳಿ ಬರೆದಿದ್ದೇನೆ.

ಮರುದಿನ ಬೆಳಗ್ಗೆ ಅವ್ವ ತಾನೂ ಬರುತ್ತೇನೆಂದು ಸೀರೆ ಉಟ್ಟು ನಿಂತಿದ್ದಳು. ಇದೊಂದು ಸಲ ಒಬ್ಬಳೇ ಹೋಗುತ್ತೇನೆಂದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಕೂತೆ, ಎದ್ದೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ನನ್ನ ವಿದ್ಯಾರ್ಥಿಗಳಿಬ್ಬರು “ಮೇಡಂ, ಎಲ್ಲಿಗೆ?” ಎಂದರು. “ಆಸ್ಪತ್ರೆಗೆ,” ಎಂದೆ. ಅವರು ಮುಂದೆ ಕೇಳಲಿಲ್ಲ.

ಕಿಟಕಿಯ ಒಳಗೆ ಅದೇ ಮನುಷ್ಯ.

“ಹೆಸರು?”

“ಸುಜಾತ.”

“ಹೊಸದಾ, ಹಳೇದಾ?”

“ಹಳೇದು. ಏಳು ತಿಂಗಳಿಂದ ಬ್ಯಾರೆ ಹೆಸರು ಹೇಳಿ ಬರ್ತಿದ್ದೆ. ಅದು ನನ್ನ ತಂಗಿ ಹೆಸರು.” ಹಳೆಯ ಚೀಟಿ, ಆಧಾರ್ ಕಾರ್ಡು ಎರಡನ್ನೂ ಒಳಗೆ ಸರಿಸಿದೆ.

ಆತ ಮೊದಲ ಸಲ ತಲೆ ಎತ್ತಿ ನೋಡಿದ. ಬೈಯುತ್ತಾನೆ ಎಂದುಕೊಂಡೆ. “ಇದನ್ನ ಡಾಕ್ಟರಿಗೂ ಹೇಳ್ರಿ, ಅವರ ಪುಸ್ತಕದಾಗೂ ತಿದ್ದಬೇಕು,” ಎಂದು ಹೊಸ ಚೀಟಿಯಲ್ಲಿ ಬರೆದುಕೊಟ್ಟ. ಸುಜಾತ. ತಂದೆ ಸಿದ್ದಪ್ಪ. ಉಜ್ಜಿನಿ. ಇಪ್ಪತ್ತೇಳು.

ಬಸಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. “ಬಾ ರೂಪಾ. ನೀನು ನಮ್ಮ ತಂಗಿ ಮನೆಗೇ ಬರ್ತಿದೀಯಂತಲ್ಲ, ಒಂದು ಮಾತು ಹೇಳ್ಲಿಲ್ಲ ನೋಡು.”

ನಮ್ಮ ಮನೆಯಲ್ಲಿ ಏನೇನಾಗಿದೆ ಎಂಬ ಅರಿವು ಅವಳಿಗೆ ಇರಲೇ ಇಲ್ಲ. ನಾನು ಕೂರಲಿಲ್ಲ. ನಿಂತೇ ಹೇಳಿದೆ, ಅವಳ ದನಿಯಷ್ಟು ಅಲ್ಲದಿದ್ದರೂ ಪಕ್ಕದ ನಾಲ್ಕು ಜನಕ್ಕೆ ಕೇಳುವಂತೆ.

“ನಾನು ರೂಪಾ ಅಲ್ಲ. ಸುಜಾತ. ಸುಳ್ಳು ಹೇಳಿದ್ದೆ. ರೂಪಾ ನನ್ನ ಚಿಕ್ಕಪ್ಪನ ಮಗಳು, ಆಕಿಗೆ ಏನೂ ಇಲ್ಲ, ಆಕಿ ಇಲ್ಲಿಗೆ ಒಮ್ಮೆನೂ ಬಂದಿಲ್ಲ. ಕಾಯಿಲೆ ನನ್ನದು. ನೀವು ಹೇಳಿದ ಮಾತಿಗೆ ಆಕಿ ಸಂಬಂಧ ನಿಂತೈತಿ.”

ಬಸಮ್ಮ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. “ನಿಂತೈತಾ? ನಾನು ಹೊಗಳಿ ಹೇಳಿದ್ದು ಕಣಮ್ಮ. ಆ ಹುಡುಗಿ ಬಂದ್ರೆ ನಮ್ಮ ಸೊಸೆಗೂ ಒಂದು ಜೊತೆ ಆಗ್ತೈತೆ, ಒಬ್ಬಳೇ ಆಸ್ಪತ್ರೆಗೆ ಬರೋಷ್ಟು ಗಟ್ಟಿ ಅದಾಳೆ, ಕಣ್ಣು ಮುಚ್ಚಿ ಮಾಡ್ಕಳ್ರಿ ಅಂತ ಹೇಳಿದ್ದೆ.” ಸೊಸೆಯ ಕಡೆ ತಿರುಗಿದಳು. “ಹೇಳೇ, ಹಂಗೇ ಹೇಳಿದ್ನಲ್ಲ?”

“ಹೂಂ ಅತ್ತೆ,” ಎಂದಳು ಸೊಸೆ. ಈ ಸಲ ನನ್ನ ಮುಖ ನೋಡಿ ಹೇಳಿದಳು.

ಬಸಮ್ಮ ಚೀಲದಿಂದ ಫೋನ್ ತೆಗೆದು ಸೊಸೆಯ ಕೈಗೆ ಕೊಟ್ಟು, “ನಿಮ್ಮ ಚಿಕ್ಕತ್ತೆಗೆ ಹಚ್ಚು,” ಎಂದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿದಳು. ಕೈಗೆ ಶೇಂಗಾ ಬರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಜಾಗ ಮಾತ್ರ ಕೊಟ್ಟಳು.

ಕೋಣೆಯ ಬಾಗಿಲಿನಿಂದ ಹೆಸರು ಕೂಗಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ನಾನು ಎಂದಿನಂತೆ ರೂಪಾ ಎಂದು ಕರೆಯುವುದನ್ನೇ ಕಾಯುತ್ತ ಕೂತಿದ್ದೆ.

ಬಸಮ್ಮ ಮೊಣಕೈಯಿಂದ ತಿವಿದಳು. “ಸುಜಾತ ಅಂತ ಕರೀತಾ ಅದಾರೆ. ನಿನ್ನನ್ನೇ ಅಲ್ವಾ?”

ನಾನು ಎದ್ದೆ.